ಕರ್ನಾಟಕದ ಬುಡಕಟ್ಟು ಜನ ಎಲ್ಲೆಲ್ಲಿದ್ದಾರೆ?

ಮಕ್ಕಳೇ, ಮೈಸೂರು ದಸರಾ ಮೆರವಣಿಗೆಯನ್ನು ನೀವೆಲ್ಲ ವಿಡಿಯೋದಲ್ಲಾದರೂ ನೋಡಿರುತ್ತೀರಿ. ಚಿನ್ನದ ಅಂಬಾರಿ ನೋಡುವ ಭರದಲ್ಲಿ ಆನೆಯ ಕುತ್ತಿಗೆಯ ಮೇಲೆ ಕುಳಿತ ಮಾವುತರನ್ನು ಗಮನಿಸಿದಿರಾ? ದಸರಾ ಆನೆಗಳ ಮಾವುತರು, ಅವರಿಗೆ ನೆರವಾಗುವ ಕಾವಾಡಿಗಳಲ್ಲಿ ಅನೇಕರು ಜೇನುಕುರುಬ ಬುಡಕಟ್ಟಿನವರು. ನಾಗರಹೊಳೆ ಕಾಡಿನ ಅಂಚಿನ ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲೂ ಕೊಡಗಿನಲ್ಲೂ ಇವರ ಹಾಡಿಗಳಿವೆ. ಹಾಡಿ ಎಂದರೆ ಕಾಡಿನ ಜನರ ಪುಟ್ಟ ಊರು. ದಸರಾ ಹತ್ತಿರವಾದಂತೆ ಮನೆಮಂದಿಯೂ ಆನೆಗಳ ಜೊತೆ ಬಂದು ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಮಕ್ಕಳಿಗೆ ಪಾಠ ತಪ್ಪದಿರಲೆಂದು ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ.

ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಗಳೆಂದು ಸರ್ಕಾರ ಗುರುತಿಸಿರುವ ಇಂಥ ಬುಡಕಟ್ಟು ಸಮುದಾಯಗಳು 50. 2011ರ ಜನಗಣತಿಯಂತೆ ಇವರೆಲ್ಲ ಸೇರಿ ಸುಮಾರು 42 ಲಕ್ಷ 49 ಸಾವಿರ ಜನ, ನೂರಕ್ಕೆ ಹತ್ತಿರ ಹತ್ತಿರ ಏಳು. ಬುಡಕಟ್ಟು ಎಂದೊಡನೆ ನಮ್ಮ ಕಣ್ಮುಂದೆ ದಟ್ಟ ಕಾಡು ಬಂದು ನಿಲ್ಲುತ್ತದೆ. ಆದರೆ ಇವರ ಪಾಲು ಹೆಚ್ಚಿರುವುದು ರಾಯಚೂರು, ಬಳ್ಳಾರಿ, ಚಿತ್ರದುರ್ಗದ ಬಯಲುಸೀಮೆಯಲ್ಲಿ. ಅಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಬುಡಕಟ್ಟಿನವರು, ಬಹುಪಾಲು ನಾಯಕ ಸಮುದಾಯದವರು. ಇಡೀ ರಾಜ್ಯದ ಬುಡಕಟ್ಟು ಜನರ ಲೆಕ್ಕ ಹಿಡಿದರೂ ಮುಕ್ಕಾಲು ಪಾಲು ನಾಯಕರೇ. ಚಿತ್ರದುರ್ಗ, ಸುರಪುರಗಳನ್ನು ಆಳಿದ ನಾಯಕ ಅರಸರು ಇವರ ಹಿರಿಯರು.

ಉಳಿದ ಕಾಲು ಪಾಲಿನಲ್ಲಿ ಮಿಕ್ಕೆಲ್ಲ ಪಂಗಡಗಳೂ ಸೇರಿವೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಕೊರಗರಿದ್ದಾರೆ. ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುವುದರಲ್ಲಿ, ಡೋಲು ಬಾರಿಸುವುದರಲ್ಲಿ ಪಳಗಿದ ಕೈ ಅವರದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಇವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಳ್ಳಿಗನ್ನಡ, ಕೊಂಕಣಿಗಳನ್ನು ನೀರು ಕುಡಿದಂತೆ ಆಡುವ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ.

ನನಗೆ ತುಂಬ ಇಷ್ಟವಾದದ್ದು ಚಾಮರಾಜನಗರದ ಸೋಲಿಗರ ಕಥೆ. ಬಿಳಿಗಿರಿ ರಂಗನಬೆಟ್ಟದಲ್ಲಿ ಅವರ ಪೋಡುಗಳು, ಅಂದರೆ ಪುಟ್ಟ ಊರುಗಳು, ಇವೆ. ಬೆಟ್ಟದ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನಂತೆ. ಅದಕ್ಕೇ ದೇವರನ್ನು ಅವರು 'ಭಾವ' ಎಂದು ಕರೆಯುತ್ತಾರೆ! ಕಾಡಿನೊಳಗಿನ ದೊಡ್ಡ ಸಂಪಿಗೆ ಮರವೂ ಅವರಿಗೆ ದೇವರೇ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಅಲ್ಲಲ್ಲಿ ರಾಗಿ ಬೆಳೆದುಕೊಂಡು ಓಡಾಡುತ್ತಿದ್ದವರನ್ನು ಒಂದೆಡೆ ನೆಲೆಗೊಳಿಸಿದರು. ಮುಂದೆ ಕಾಡಿನ ಉತ್ಪನ್ನ ತರುವುದಕ್ಕೂ ತಡೆ ಬಿತ್ತು. ಹುಟ್ಟಿದ ಕಾಡಿನಲ್ಲೇ ಹೊರಗಿನವರಾಗುವುದು ಎಂಥ ಸಂಕಟ! ಸೋಲಿಗರು ಸಂಘ ಕಟ್ಟಿಕೊಂಡು, 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮುಂದಿಟ್ಟು ಹಕ್ಕು ಕೇಳಿದರು. 2011ರಲ್ಲಿ ಅದು ಸಿಕ್ಕಿತು. ಆ ಕಾಡು ಈಗ ಹುಲಿ ಸಂರಕ್ಷಿತ ಪ್ರದೇಶವೂ ಹೌದು; ಅಂಥ ಪ್ರದೇಶದೊಳಗೆ ಇಂಥ ಸಾಮೂಹಿಕ ಹಕ್ಕು ಪಡೆದವರಲ್ಲಿ ದೇಶಕ್ಕೇ ಇವರು ಮೊದಲಿಗರು. ಜೇನು, ನೆಲ್ಲಿಕಾಯಿ ತರಲು, ಕಾಡಿನೊಳಗಿನ ತಮ್ಮ ದೇವರ ತಾಣಗಳಿಗೆ ಹೋಗಿ ಪೂಜೆ ಮಾಡಲು, ಕಾಡನ್ನು ಕಾಪಾಡುವ ಕೆಲಸದಲ್ಲಿ ಪಾಲ್ಗೊಳ್ಳಲು ಈಗ ಕಾನೂನೇ ಅವರ ಬೆನ್ನಿಗಿದೆ.