ನಾರ್ಡ್‌ಹಾಫ್ ಮಾಡಿಸಿದ ವ್ಯಾನಿಗೆ ಯಾವ ಇಂಜಿನ್ ಒರಿಜಿನಲ್?

ಫೋಕ್ಸ್‌ವ್ಯಾಗನ್‌ನ ಹಳೇ ಕ್ಯಾಂಪರ್ ವ್ಯಾನನ್ನು ನಾವೆಲ್ಲ ನೋಡಿದ್ದೇವೆ, ಟೀ ಶರ್ಟ್ ಮೇಲಾದರೂ. ಮುಖದಲ್ಲಿ ವಿ ಆಕಾರದ ಗೆರೆ, ದುಂಡು ಹೆಡ್‌ಲೈಟ್, ಎರಡು ಬಣ್ಣ. ಅದನ್ನು ಇಟ್ಟುಕೊಂಡವರ ಮಧ್ಯೆ ಒಂದು ಮುಗಿಯದ ಜಗಳ ಇದೆ. ಹಿಂದುಗಡೆಯ ಏರ್ ಕೂಲ್ಡ್ ಇಂಜಿನ್ ಹಾಗೇ ಉಳಿಸಬೇಕಾ, ಇಲ್ಲ ಅದನ್ನು ಕಿತ್ತು ಸುಬಾರು ಇಂಜಿನ್ನೋ ಎಲೆಕ್ಟ್ರಿಕ್ ಮೋಟರ್ರೋ ಕೂರಿಸಬಹುದಾ? ಆ ವ್ಯಾನ್ ಮಾಡಿಸಿದವರ ಜೀವನ ಓದಿದ ಮೇಲೆ ನಮಗೆ 'ಒರಿಜಿನಲ್' ಅನ್ನೋ ಪದದ ಮೇಲೇ ಡೌಟು ಬಂತು.

ಹೈನ್‌ರಿಷ್ ನಾರ್ಡ್‌ಹಾಫ್ ಹುಟ್ಟಿದ್ದು 1899ರಲ್ಲಿ, ಜರ್ಮನಿಯ ಹಿಲ್ಡೆಸ್‌ಹೈಮ್‌ನಲ್ಲಿ. ಓದಿದ್ದು ಬರ್ಲಿನ್‌ನಲ್ಲಿ ಮೆಕ್ಯಾನಿಕಲ್. ನಮ್ಮ ಮೆಕ್ ಬ್ರಾಂಚಿನವರು ಕಾಲರ್ ಎತ್ಕೊಳ್ಳಬಹುದು. ಮೊದಲು ಬಿಎಂಡಬ್ಲ್ಯೂನಲ್ಲಿ ವಿಮಾನದ ಇಂಜಿನ್, ಆಮೇಲೆ ಓಪೆಲ್. ಯುದ್ಧದ ಕಾಲದಲ್ಲಿ ಬ್ರಾಂಡೆನ್‌ಬರ್ಗ್‌ನ ಓಪೆಲ್ ಲಾರಿ ಕಾರ್ಖಾನೆ ಅವರ ಕೈಯಲ್ಲಿತ್ತು. ಲಾರಿಗಳು ಹೋಗಿದ್ದು ಹಿಟ್ಲರನ ಸೈನ್ಯಕ್ಕೆ, ಮಾಡಿದವರಲ್ಲಿ ಬಲವಂತದಿಂದ ಹಿಡಿದು ತಂದ ಕಾರ್ಮಿಕರೂ ಇದ್ದರು. ಇದನ್ನು ಬಿಟ್ಟು ಅವರನ್ನು ಬರೀ ಹೊಗಳೋದು ಸರಿಯಲ್ಲ. ಯುದ್ಧ ಮುಗಿದಾಗ ಅಮೆರಿಕನ್ನರು ತಮ್ಮ ವಲಯದಲ್ಲಿ ಅವರಿಗೆ ದೊಡ್ಡ ಹುದ್ದೆ ಸಿಗದ ಹಾಗೆ ಮಾಡಿದರು. ಸ್ವಲ್ಪ ದಿನ ಹ್ಯಾಂಬರ್ಗ್‌ನ ಓಪೆಲ್ ಗ್ಯಾರೇಜೊಂದರಲ್ಲಿ ಕೆಲಸ ಮಾಡಿದರು. ವೋಲ್ಫ್ಸ್‌ಬರ್ಗ್ ಇದ್ದದ್ದು ಬ್ರಿಟಿಷರ ವಲಯದಲ್ಲಿ. ಅಲ್ಲಿನ ಬೀಟಲ್ ಕಾರ್ಖಾನೆಗೆ 1948ರ ಜನವರಿಯಲ್ಲಿ ಮುಖ್ಯಸ್ಥರಾಗಿ ಬಂದರು.

ವ್ಯಾನಿನ ಐಡಿಯಾ ಅವರದ್ದಲ್ಲ. ನೆದರ್ಲೆಂಡ್ಸ್‌ನ ಕಾರು ವ್ಯಾಪಾರಿ ಬೆನ್ ಪೊನ್ 1947ರ ಏಪ್ರಿಲ್ 23ರಂದು ನೋಟ್‌ಬುಕ್ಕಲ್ಲಿ ಒಂದು ಡಬ್ಬದ ಚಿತ್ರ ಗೀಚಿದ್ದ: ಮುಂದೆ ಡ್ರೈವರ್, ಹಿಂದೆ ಇಂಜಿನ್, ನಡುವೆ ಲೋಡ್. ಆ ಗೀಚನ್ನು ಗಾಡಿ ಮಾಡಿಸಿದ್ದು ನಾರ್ಡ್‌ಹಾಫ್. ಬೀಟಲ್‌ನ ಫ್ಲೋರನ್ನೇ ತಗೊಂಡು ಮಾಡಿದ ಮೊದಲ ಪ್ರೋಟೋಟೈಪ್ ಟೆಸ್ಟಲ್ಲಿ ಲೋಡ್ ತಡೀಲಿಲ್ಲ. ಹಾಗಾಗಿ ಅಡಿಯ ರಚನೆಯನ್ನೇ ಹೊಸದಾಗಿ ಮಾಡಿಸಿದರು. ಬ್ರೌನ್‌ಶ್ವೈಗ್‌ನ ವಿಂಡ್ ಟನಲ್‌ನಲ್ಲಿ ಚಪ್ಪಟೆ ಮುಖವನ್ನು ದುಂಡಗೆ ಮಾಡಿದ್ದಕ್ಕೆ ಡ್ರ್ಯಾಗ್ 0.75ರಿಂದ 0.44ಕ್ಕೆ ಇಳೀತು. ಫ್ಲೂಯಿಡ್ ಮೆಕ್ಯಾನಿಕ್ಸ್ ಯಾಕೆ ಓದ್ಬೇಕು ಅಂತ ಕೇಳೋರಿಗೆ ಇಲ್ಲಿದೆ ಉತ್ತರ. 1950ರ ಮಾರ್ಚ್‌ನಲ್ಲಿ ಉತ್ಪಾದನೆ ಶುರುವಾಯ್ತು.

ಇಂಜಿನ್ ಮಾತ್ರ ಬೀಟಲ್‌ದೇ. 1131 ಸಿಸಿ, 25 ಎಚ್‌ಪಿ. ಸುಮಾರು 750 ಕೆಜಿ ಹೊರಬೇಕಾದ ಗಾಡಿಗೆ ಇಷ್ಟೇ! ಅದಕ್ಕೇ ಹಿಂದಿನ ಚಕ್ರಗಳ ಹತ್ತಿರ ರಿಡಕ್ಷನ್ ಗೇರ್ ಹಾಕಿ ಟಾರ್ಕ್ ಹೆಚ್ಚಿಸಿದ್ದರು. ಸ್ಪೀಡ್ ಹೋಯ್ತು, ಆದರೆ ಗಾಡಿ ಎಳೀತು.

ನಾರ್ಡ್‌ಹಾಫ್ ಹಠಮಾರಿ. ಬೀಟಲ್ ಆಕಾರ ಬದಲಿಸಿ ಅಂತ ಎಷ್ಟು ಜನ ಹೇಳಿದರೂ ಕೇಳಲಿಲ್ಲ. ಆದರೆ ಒಳಗಡೆ ಸುಮ್ಮನೆ ಕೂತವರೂ ಅಲ್ಲ. ಅವರ ಕಾಲದಲ್ಲೇ ಈ ವ್ಯಾನಿಗೆ 1954ರಲ್ಲಿ 30 ಎಚ್‌ಪಿ, 1960ರಲ್ಲಿ 34, 1963ರಲ್ಲಿ 1500 ಸಿಸಿಯ 42 ಎಚ್‌ಪಿ ಇಂಜಿನ್ ಬಂತು. 1967ರಲ್ಲಿ ಹೊಸ ಬಾಡಿಯ ಎರಡನೇ ಪೀಳಿಗೆಗೆ 47 ಎಚ್‌ಪಿ ಸಿಕ್ತು, ರಿಡಕ್ಷನ್ ಗೇರ್ ಹೋಯ್ತು. ಈಗ ಹೇಳಿ, ಯಾವುದು ಒರಿಜಿನಲ್?

ಹಾಗಂತ ಇಂಜಿನ್ ಬದಲಿಸೋರ ವಾದವನ್ನ ನಾವು ಪೂರ್ತಿ ಒಪ್ಪಲ್ಲ. ಫ್ಯಾನ್ ಗಾಳಿಯಿಂದಲೇ ತಣ್ಣಗಾಗೋ ಇಂಜಿನ್‌ಗೆ ರೇಡಿಯೇಟರ್ ಬೇಡ, ನೀರು ಸೋರೋ ಚಿಂತೆ ಇಲ್ಲ. ಸುಬಾರು ಹಾಕಿದರೆ ರೇಡಿಯೇಟರಿಗೆ ಜಾಗ ಹುಡುಕಿ ಪೈಪ್ ಎಳೀಬೇಕು. ಪವರ್ ಎರಡು ಪಟ್ಟಾದರೆ ಹಳೇ ಡ್ರಮ್ ಬ್ರೇಕ್, ಗೇರ್‌ಬಾಕ್ಸ್ ಏನಾಗಬೇಕು? ಬರೀ ಇಂಜಿನ್ ಬದಲಿಸಿ ಹೈವೇಗೆ ಇಳಿಸೋದು ಇಂಜಿನಿಯರಿಂಗ್ ಅಲ್ಲ. ಜರ್ಮನಿಯಲ್ಲಂತೂ 30 ವರ್ಷ ದಾಟಿದ ಗಾಡಿಗೆ ಕೊಡೋ ಎಚ್ ನಂಬರ್ ಪ್ಲೇಟ್ ಬೇಕಂದ್ರೆ ಅದು ಬಹುಮಟ್ಟಿಗೆ ಮೂಲ ಸ್ಥಿತಿಯಲ್ಲೇ ಇರಬೇಕು.

ನಾರ್ಡ್‌ಹಾಫ್ 1968ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಹುದ್ದೆಯಲ್ಲಿರುವಾಗಲೇ. ಎಂಬತ್ತರ ದಶಕದಲ್ಲಿ ಕಂಪನಿ ಈ ವ್ಯಾನಿನ ಮೂರನೇ ಪೀಳಿಗೆಗೆ ವಾಟರ್ ಕೂಲ್ಡ್ ಇಂಜಿನ್ ಕೊಟ್ಟಿತು. 2020ರಲ್ಲಿ ಅದೇ ಕಂಪನಿ 1966ರ ಒಂದು ವ್ಯಾನಿನ ಹಳೇ ಇಂಜಿನ್ ತೆಗೆದು 61 ಕಿಲೋವ್ಯಾಟ್ ಎಲೆಕ್ಟ್ರಿಕ್ ಮೋಟರ್ ಕೂರಿಸಿ ತೋರಿಸ್ತು. ಅದರ ಜೊತೆಗೇ ಸಸ್ಪೆನ್ಷನ್, ಸ್ಟೀರಿಂಗ್ ಎರಡನ್ನೂ ಬದಲಿಸಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿದ್ದರು.