ಗಣಿತಜ್ಞ ಮಹಾವೀರಾಚಾರ್ಯ

ನಾಸಿಕದ ಬಳಿಯ ತ್ರ್ಯಂಬಕದಲ್ಲಿ ಗೋದಾವರಿ ಹುಟ್ಟುತ್ತದೆ. ಕಾವೇರಿಯಿಂದ ಆ ಗೋದಾವರಿಯವರೆಗೆ ಕನ್ನಡನಾಡು ಹಬ್ಬಿತ್ತೆಂದು ಕವಿರಾಜಮಾರ್ಗವು ಸಾರುವುದನ್ನು ನಮ್ಮ ವಿದ್ಯಾರ್ಥಿಗಳು ಪಾಠದಲ್ಲಿ ಓದಿರುವರು. ಅದು ಬರಿಯ ಕವಿಯ ಉತ್ಸಾಹವಲ್ಲ. ನಾಸಿಕ ಜಿಲ್ಲೆಯ ವಣಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ತಾಮ್ರಶಾಸನವು ದೊರೆತಿದೆ. ಛತ್ರಪತಿ ಸಂಭಾಜಿನಗರದ ಸಮೀಪದ ಎಲ್ಲೋರದಲ್ಲಿ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆದು ಕೈಲಾಸ ದೇವಾಲಯವನ್ನು ನಿಲ್ಲಿಸಿದವರೂ ಆ ವಂಶದವರೇ. ಪ್ರವಾಸಕ್ಕೆ ಹೋದವರು ಕೈಲಾಸವನ್ನು ಕಂಡು ಬೆರಗಾಗಿ ಹಿಂತಿರುಗುವರು. ಆಚೆಯ ತುದಿಯಲ್ಲಿರುವ ಜೈನ ಗುಹೆಗಳವರೆಗೆ ನಡೆಯುವ ಶಕ್ತಿ ಅನೇಕರಲ್ಲಿ ಉಳಿದಿರುವುದಿಲ್ಲ. ಅಂತಹ ಗುಹೆಗಳನ್ನು ಕಡೆಯುತ್ತಿದ್ದ ಒಂಬತ್ತನೆಯ ಶತಮಾನದಲ್ಲಿಯೇ, ಅದೇ ಸಾಮ್ರಾಜ್ಯದಲ್ಲಿ, ಒಬ್ಬ ಜೈನ ವಿದ್ವಾಂಸನು ಒಂದು ಗಣಿತಗ್ರಂಥವನ್ನು ರಚಿಸಿದನು. ಅವನೇ ಮಹಾವೀರಾಚಾರ್ಯ.

ಗೋವಿಂದನ ಮಗನಾದ ಅಮೋಘವರ್ಷ ನೃಪತುಂಗನು 814ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಪಟ್ಟವನ್ನೇರಿ ಅರುವತ್ತಕ್ಕೂ ಹೆಚ್ಚು ವರ್ಷ ಆಳಿದನು. ಅವನ ರಾಜಧಾನಿಯಾದ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆಚಾರ್ಯನು ಗ್ರಂಥದ ಆರಂಭದಲ್ಲಿ ಜಿನನಿಗೆ ವಂದಿಸಿ ಈ ಅರಸನನ್ನು ಕೊಂಡಾಡಿದ್ದಾನೆ. ಅದರಿಂದಲೇ ಅವನ ಕಾಲವನ್ನು ಸುಮಾರು 850 ಎಂದು ವಿದ್ವಾಂಸರು ಗೊತ್ತುಮಾಡಿದ್ದಾರೆ. ತನ್ನ ತಂದೆತಾಯಿಗಳ ಹೆಸರನ್ನಾಗಲಿ ಹುಟ್ಟಿದ ಊರನ್ನಾಗಲಿ ಅವನು ಬರೆದಿಟ್ಟಿಲ್ಲ. ಅರಸನಿಗೆ ಅಷ್ಟು ಶ್ಲೋಕಗಳನ್ನು ಕೊಟ್ಟವನು ತನಗಾಗಿ ಒಂದನ್ನಾದರೂ ಉಳಿಸಿಕೊಳ್ಳಬಾರದಿತ್ತೆ ಎಂದು ನಮಗೆ ಅನಿಸುವುದುಂಟು! ಆದುದರಿಂದ ಅವನನ್ನು ಕಾಣಬೇಕೆಂಬವರು ಅವನ ಗ್ರಂಥದಲ್ಲಿಯೇ ಹುಡುಕಬೇಕು.

ಅದರ ಹೆಸರು ಗಣಿತಸಾರಸಂಗ್ರಹ. ಸಂಸ್ಕೃತದಲ್ಲಿದೆ, ಸಾವಿರದ ನೂರಕ್ಕೂ ಮೇಲ್ಪಟ್ಟು ಶ್ಲೋಕಗಳಿವೆ. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷಗ್ರಂಥಗಳ ಒಳಗೆ ಅಧ್ಯಾಯಗಳಾಗಿ ಸೇರಿಸಿದ್ದರು. ಮಹಾವೀರಾಚಾರ್ಯನು ಗಣಿತಕ್ಕಾಗಿಯೇ ಪ್ರತ್ಯೇಕ ಗ್ರಂಥವನ್ನು ಬರೆದನು. ಅಡಿಗೆ, ಸಂಗೀತ, ನಾಟಕ, ವೈದ್ಯ, ವಾಸ್ತು, ಎಲ್ಲಕ್ಕೂ ಗಣಿತವು ಬೇಕೆಂಬುದು ಅವನ ಮತ. ಚಕ್ರವರ್ತಿಯ ಕಾಲದ ಪಂಡಿತನೊಬ್ಬನು ಅಡಿಗೆಯನ್ನು ಮರೆಯದಿರುವುದು ನಮಗೆ ಬಹಳ ಮೆಚ್ಚುಗೆಯಾಗಿದೆ.

ಈ ಗ್ರಂಥದಲ್ಲಿ ನಮ್ಮನ್ನು ಬಹುಕಾಲ ಹಿಡಿದಿಟ್ಟುದು ಭಿನ್ನರಾಶಿಯ ಭಾಗ. ಆಚಾರ್ಯನು ಅದನ್ನು ಕಲಾಸವರ್ಣವೆಂದು ಕರೆಯುತ್ತಾನೆ. ಕಲೆಯೆಂದರೆ ಅಂಶ, ಚಂದ್ರನ ಹದಿನಾರು ಕಲೆಗಳನ್ನು ಕೇಳಿದ್ದೀರಷ್ಟೆ. ಸವರ್ಣವೆಂದರೆ ಒಂದೇ ಬಣ್ಣದ್ದು, ಒಂದೇ ಜಾತಿಯದು. ಅರ್ಧವನ್ನೂ ಮೂರರಲ್ಲಿ ಒಂದನ್ನೂ ಹಾಗೆಯೇ ಕೂಡಿಸಲು ಬಾರದು. ಎರಡನ್ನೂ ಆರನೆಯ ಭಾಗಗಳಾಗಿ ಮಾಡಿ ಒಂದೇ ಬಣ್ಣಕ್ಕೆ ತರಬೇಕು. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯಕ್ಕೆ ಅವನು ನಿರುದ್ಧವೆಂದು ಹೆಸರಿಟ್ಟು, ಅದನ್ನು ಕಂಡುಹಿಡಿಯುವ ಕ್ರಮವನ್ನು ಹೇಳಿದ್ದಾನೆ.

ಒಂದನ್ನು ಹಲವು ಏಕಾಂಶ ಭಿನ್ನರಾಶಿಗಳಾಗಿ ಒಡೆಯುವುದಕ್ಕೂ ಅವನಲ್ಲಿ ಸೂತ್ರವುಂಟು. ಎಷ್ಟು ತುಂಡುಗಳು ಬೇಕೋ ಅಷ್ಟು ಸಂಖ್ಯೆಗಳನ್ನು ಒಂದರಿಂದ ತೊಡಗಿ ಮೂರರಿಂದ ಗುಣಿಸುತ್ತ ಬರೆಯಬೇಕು: 1, 3, 9, 27. ಮೊದಲನೆಯದನ್ನು 2ರಿಂದಲೂ ಕೊನೆಯದನ್ನು 2/3ರಿಂದಲೂ ಗುಣಿಸಿದರೆ 2, 3, 9, 18 ಆಗುತ್ತವೆ. ಇವೇ ಛೇದಗಳು. 1/2, 1/3, 1/9, 1/18 ಸೇರಿದರೆ ಸರಿಯಾಗಿ ಒಂದು. ನಂಬಿಕೆ ಬಾರದವರು ಚೌಕದ ಕಾಗದದಿಂದ ಹದಿನೆಂಟು ಮನೆಗಳ ಒಂದು ಪಟ್ಟಿಯನ್ನು ಕತ್ತರಿಸಿಕೊಳ್ಳಲಿ. ಒಂಬತ್ತು, ಆರು, ಎರಡು, ಒಂದು ಮನೆಗಳ ತುಂಡುಗಳನ್ನು ಅದರ ಮೇಲೆ ಸಾಲಾಗಿ ಇಟ್ಟರೆ ಎಲ್ಲಿಯೂ ಸಂದು ಉಳಿಯುವುದಿಲ್ಲ.

ಭಾಗಾಕಾರಕ್ಕೆ ಅವನು ಕೊಟ್ಟ ಸೂತ್ರವನ್ನು ನೀವು ಈಗಲೂ ಬಾಯಿಪಾಠ ಮಾಡುತ್ತಿದ್ದೀರಿ: ಭಾಜಕವನ್ನು ತಿರುವಿ ಗುಣಿಸಬೇಕು. ಏಕೆಂಬುದನ್ನು ಗ್ರಂಥವು ಹೇಳುವುದಿಲ್ಲ. ಅದು ಗುರುವಿಗೆ ಬಿಟ್ಟ ಕೆಲಸ. ಅರ್ಧವನ್ನು ಕಾಲರಿಂದ ಭಾಗಿಸಿದರೆ ಎರಡು ಹೇಗೆ ಬಂತು, ಭಾಗಿಸಿದರೆ ಕಡಿಮೆಯಾಗಬೇಕಲ್ಲವೆ ಎಂದು ಪ್ರತಿವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಕೇಳುವರು. ಕೇಳದೆ ಸುಮ್ಮನಿರುವವರ ಬಗೆಗೇ ನಮಗೆ ಹೆಚ್ಚಿನ ಚಿಂತೆ. ನಿಮ್ಮ ಅಜ್ಜಿಯಂದಿರಿಗೆ ಈ ಸಂದೇಹವಿರಲಿಲ್ಲ. ಅವರ ಅಡಿಗೆಮನೆಯಲ್ಲಿ ಸೇರು, ಅಚ್ಚೇರು, ಪಾವು, ಚಟಾಕುಗಳಿದ್ದವು. ಅರ್ಧ ಸೇರಿನ ಅಚ್ಚೇರನ್ನು ಕಾಲು ಸೇರಿನ ಪಾವಿನಿಂದ ಅಳೆದರೆ ಎರಡು ಸಲ ತುಂಬುತ್ತದೆಂಬುದನ್ನು ಅವರ ಕೈಗಳೇ ಬಲ್ಲವು.

ಅವನ ಲೆಕ್ಕಗಳಲ್ಲಿ ಹೆಸರಾದುದು ಮುತ್ತಿನ ಸರದ್ದು. ಒಬ್ಬಾಕೆಯ ಸರವು ಹರಿದು ಮುತ್ತುಗಳಲ್ಲಿ 1/3 ಭಾಗ ದಾಸಿಗೆ ಸಿಕ್ಕಿತು, 1/6 ಹಾಸಿಗೆಯ ಮೇಲೆ ಬಿದ್ದಿತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಚೆದರಿ, ಕೊನೆಗೆ 1161 ಮುತ್ತುಗಳು ಸರದಲ್ಲಿಯೇ ಉಳಿದವು. ಮೊದಲ ಎರಡು ಭಾಗಗಳು ಸೇರಿ ಅರ್ಧ. ಇನ್ನುಳಿದ ಅರ್ಧವನ್ನು ಆರು ಸಲ ಅರ್ಧಿಸಬೇಕು. ಕಾಗದವನ್ನು ಏಳು ಸಲ ಮಡಿಸಿ ನೋಡಿರಿ. ಏಳನೆಯ ಮಡಿಕೆಗೆ ಬೆರಳುಗಳು ಸೋಲುತ್ತವೆ, ಆದರೆ 128 ಪದರಗಳೆಂಬುದು ತಿಳಿಯುತ್ತದೆ. ಒಂದು ಪದರಕ್ಕೆ 1161ರಂತೆ ಒಟ್ಟು 1,48,608 ಮುತ್ತುಗಳು. ಅಂತಹ ಸರವನ್ನು ಧರಿಸಿದ ಕೊರಳನ್ನು ಊಹಿಸಿಕೊಳ್ಳುವುದು ಕಷ್ಟವೇ ಸರಿ.

ಆಚಾರ್ಯನು ಒಂದೆಡೆ ತಪ್ಪಿದ್ದಾನೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುವುದೆಂದು ಅವನು ಬರೆದನು. ಹಂಚಿಕೊಳ್ಳಲು ಯಾರೂ ಬಾರದಿದ್ದರೆ ಬುಟ್ಟಿಯಲ್ಲಿನ ಹಣ್ಣು ಬುಟ್ಟಿಯಲ್ಲಿಯೇ ಇರುತ್ತದೆಂಬ ಮಾತಿನಂತೆ ಇದು ನಮಗೆ ತೋರುತ್ತದೆ. ಆದರೆ ಉತ್ತರವನ್ನು ಭಾಜಕದಿಂದ ಗುಣಿಸಿದರೆ ಮೊದಲಿನ ಸಂಖ್ಯೆ ಬರಬೇಕು. ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆಯೇ. ಆದುದರಿಂದ ಆ ಭಾಗಾಕಾರಕ್ಕೆ ಅರ್ಥವಿಲ್ಲವೆಂದು ಇಂದಿನ ಗಣಿತವು ಹೇಳುತ್ತದೆ. ಬುಟ್ಟಿಯೂ ಹಣ್ಣೂ ಇಲ್ಲಿ ನೆರವಿಗೆ ಬರಲಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನೂ ಇವನೇ ಎಂಬುದನ್ನು ಜೊತೆಗೆ ನೆನೆಯಬೇಕು.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಅನಂತರ ಅದು ಬಹುಕಾಲ ಓಲೆಯ ಕಟ್ಟುಗಳಲ್ಲಿಯೇ ಉಳಿಯಿತು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದರು. ಅವರಿಗೆ ಒದಗಿದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಕನ್ನಡ ಅನುವಾದವನ್ನು ಪ್ರೊ. ಪದ್ಮಾವತಮ್ಮನವರು ಸಿದ್ಧಪಡಿಸಿದರು; ಅದು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.