ಗೌರಮ್ಮ: ಪರನೆಲದಲ್ಲಿ ಕೊಡಗಿನ ರಾಜಪುತ್ರಿಯ ವಿವಾಹ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಂದ ಉದ್ಯೋಗಾರ್ಥವಾಗಿ ಪರದೇಶಗಳಿಗೆ ತೆರಳುವ ನಮ್ಮ ತರುಣ ತರುಣಿಯರಲ್ಲಿ ಅಲ್ಲಿಯೇ ವಿವಾಹವಾಗಲಿಚ್ಛಿಸುವವರೂ ಉಂಟು. ಅಂಥವರೂ ಅವರ ತಾಯ್ತಂದೆಗಳೂ ಕೊಡಗಿನ ಗೌರಮ್ಮನ ಜೀವಿತವನ್ನು ಅವಶ್ಯವಾಗಿ ತಿಳಿಯತಕ್ಕದ್ದು.

ಕನ್ನಡದಲ್ಲಿ ರಾಜ್ಯಭಾರ ನಡೆಸಿದ ಹಾಲೇರಿ ವಂಶದ ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಪದಚ್ಯುತಗೊಳಿಸಿ ಕಾಶಿಯಲ್ಲಿ ಇರಿಸಿದರು. ಗೌರಮ್ಮನು ಅಲ್ಲಿಯೇ 1841ರಲ್ಲಿ ಜನಿಸಿದಳು. ಕಂಪೆನಿಯು ತಡೆಹಿಡಿದಿದ್ದ ತನ್ನ ಧನವನ್ನು ನ್ಯಾಯಸ್ಥಾನದಲ್ಲಿ ಕೇಳುವ ಉದ್ದೇಶದಿಂದ ಅರಸನು 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಬಾಲಕಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನೂ ಕೊಟ್ಟಳು. ಅಂದಿನಿಂದ ಆಕೆ ಬೆಳೆದುದು ಆಂಗ್ಲ ಪೋಷಕರ ಮನೆಗಳಲ್ಲಿ. ಪಂಜಾಬಿನ ಪದಚ್ಯುತ ಅರಸನಾದ ದುಲೀಪಸಿಂಹನಿಗೆ ಆಕೆಯನ್ನು ಕೊಡಬೇಕೆಂಬ ರಾಣಿಯ ಅಪೇಕ್ಷೆ ಫಲಿಸಲಿಲ್ಲ.

ತಂದೆಯು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಮರುವರ್ಷ ಗೌರಮ್ಮನು ತನ್ನ ಪೋಷಕಿಯಾಗಿದ್ದ ಲೇಡಿ ಲಾಗಿನ್ನಳ ಸೋದರನೂ ವಯಸ್ಸಿನಲ್ಲಿ ತನಗಿಂತ ಬಹಳ ಹಿರಿಯನೂ ಆದ ಕರ್ನಲ್ ಜಾನ್ ಕ್ಯಾಂಬೆಲ್ಲನನ್ನು ವರಿಸಿದಳು. ಅಂದಿನ ಆಂಗ್ಲ ಕಾನೂನಿನಂತೆ ಚರ್ಚಿನಲ್ಲಿ ಮೂರು ಭಾನುವಾರ ವಿವಾಹವನ್ನು ಸಾರಬೇಕಾಗಿತ್ತು, ಇಲ್ಲವೆ ಅನುಮತಿಪತ್ರ ಪಡೆಯಬೇಕಾಗಿತ್ತು. 1837ರಿಂದ ಸರಕಾರಿ ನೋಂದಣಿಯ ಮಾರ್ಗವೂ ಇದ್ದಿತು. 21 ವರ್ಷ ತುಂಬದವರಿಗೆ ತಂದೆಯ, ಅವನಿಲ್ಲದಿದ್ದರೆ ಪಾಲಕರ ಸಮ್ಮತಿ ಬೇಕಾಗಿತ್ತು. ವಿವಾಹವಾದೊಡನೆ, ಪ್ರತ್ಯೇಕ ಒಪ್ಪಂದದಿಂದ ಕಾದಿರಿಸಿದ್ದ ಹೊರತು, ಸ್ತ್ರೀಯ ಚರಸ್ವತ್ತು ಪತಿಯದಾಗುತ್ತಿತ್ತು. ಈ ನಿಯಮವು 1870ರಲ್ಲಿ ಸಡಿಲಗೊಂಡು 1882ರಲ್ಲಿ ಬಹುಮಟ್ಟಿಗೆ ಅಳಿಯಿತು. ಗೌರಮ್ಮನಿಗೆ ಅದರ ಪ್ರಯೋಜನ ದೊರೆಯಲಿಲ್ಲ. ಒಬ್ಬ ಮಗಳನ್ನು ಹಡೆದು, 1864ರ ಮಾರ್ಚಿಯಲ್ಲಿ, 22ನೆಯ ವಯಸ್ಸಿನಲ್ಲಿ ಆಕೆ ಮೃತಳಾದಳು. ತವರನ್ನು ಆಕೆ ಒಮ್ಮೆಯಾದರೂ ಕಾಣಲಿಲ್ಲ.

ವಿವಾಹದ ವಿಧಿಗಳೆಲ್ಲ ಆ ನಾಡಿನವು. ಪೋಷಕರೂ ಆ ನಾಡಿನವರು. ರಾಜ್ಯ ಕಳೆದುಕೊಂಡವನ ಮಗಳ ಪರವಾಗಿ ಕೇಳಲು ಸ್ವಂತದ್ದೆನ್ನುವ ಸರಕಾರವೊಂದು ಇರಲಿಲ್ಲ. ಇಂದು ನಮಗೆ ಅದು ಇದೆ. 1969ರ ವಿದೇಶೀ ವಿವಾಹ ಕಾಯಿದೆಯಂತೆ ವಧೂವರರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ವಿವಾಹವಾಗಬಹುದು. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು; ಜೀವಂತ ಪತಿಯಾಗಲಿ ಪತ್ನಿಯಾಗಲಿ ಇರಕೂಡದು; ಒಬ್ಬರಾದರೂ ಆ ದೇಶದಲ್ಲಿ 30 ದಿನ ವಾಸಿಸಿದ ಬಳಿಕ ನೋಟೀಸು ಕೊಡಬೇಕು; ಆಕ್ಷೇಪಣೆಗೆ 30 ದಿನಗಳ ಅವಧಿಯುಂಟು; ಮೂವರು ಸಾಕ್ಷಿಗಳಿರಬೇಕು. ಆ ದೇಶದ ಕಾನೂನು ಇದನ್ನು ನಿಷೇಧಿಸಿದ್ದರೆ ಅಧಿಕಾರಿಯು ನಿರಾಕರಿಸಬಹುದು. ಅಲ್ಲಿನ ಕಾನೂನಿನಂತೆ ವಿವಾಹವಾದವರು ಅದನ್ನು ನಮ್ಮ ಅಧಿಕಾರಿಯಲ್ಲಿ ನೋಂದಾಯಿಸಿಕೊಳ್ಳಲು ಅವಕಾಶವಿದೆ.

ಲಗ್ನಪತ್ರಿಕೆ ಅಚ್ಚಾಗುವ ಮೊದಲು ಎರಡೂ ದೇಶಗಳ ವಿಧಿಗಳನ್ನು ಓದಿಸಿ ಕೇಳಿ ತಿಳಿಯಿರಿ. ಗೌರಮ್ಮನಿಗಿಲ್ಲದ ಆಸರೆಯು ನಮ್ಮ ಹೆಣ್ಣುಮಕ್ಕಳಿಗಿರುವಾಗ ಅದನ್ನು ಅಲಕ್ಷ್ಯ ಮಾಡುವುದು ವಿವೇಕವಲ್ಲ.